ಹೆಣ್ಣು ನೋಡಲು ಬಂದ ಗುಳಿಗೆಯವಳು

ಕ್ಷಯರೋಗಿಗಳ ಮನೆಗೆ ಗುಳಿಗೆ ಮುಟ್ಟಿಸುವ ಕೆಲಸ ನನ್ನದು. ನಿಪ್ಪಾಣಿಯಿಂದ ಕಾಗವಾಡದ ತನಕ ಯಾವ ಊರಿಗೆ ಹೋದರೂ ನಗುವಂಥದ್ದೊಂದು ನಡೆದೇ ನಡೆಯುತ್ತದೆ. ಆದರೆ ನಗು ಆಮೇಲೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ.

ಒಪ್ಪದ ರೋಗಿ

ಜನರೊಡನೆ ಬೆರೆಯುವುದನ್ನು ಕಲಿಸಲೆಂದು ನಮ್ಮನ್ನು ಚಿಕ್ಕೋಡಿಯಲ್ಲಿ ಮೂರು ದಿನ ಕೂಡಿಸಿದ್ದರು. ಒಂದು ನಾಟಕ ಮಾಡಿಸಿದರು. ರಾಯಬಾಗದ ಸಹೋದ್ಯೋಗಿ ಗುಳಿಗೆ ಬೇಡವೆನ್ನುವ ರೋಗಿ, ಅಥಣಿಯವಳು ಅವನನ್ನು ಒಪ್ಪಿಸಬೇಕು. ಅವಳು ಸೋತಳು. ಕಲಿಸಲು ಬಂದ ಮೇಡಂ ತಾವೇ ಕೂತು ಹೇಳಿದರು, ಅವರೂ ಸೋತರು. ಊಟದ ಹೊತ್ತು ಮೀರಿತು, ಇನ್ನಾದರೂ ಒಪ್ಪೋ ಮಾರಾಯ ಎಂದು ನಾವೆಲ್ಲ ಕೈಮುಗಿದೆವು.

"ದಿನಾ ಇಂಥವರನ್ನ ನೋಡ್ತೀನ್ರಿ ಮೇಡಮ್. ಇಷ್ಟಕ್ಕ ಒಪ್ಪಿದ್ರ ಅವರಿಗೆ ಅವಮಾನ ಆಕ್ಕೈತಿ" ಎಂದ.

ಕುಶಲ ಪ್ರಶ್ನೆ

ರೋಗದ ಹೆಸರು ತೆಗೆಯುವ ಮೊದಲು ಮನೆಯವರ ಕುಶಲ ಕೇಳಿ ಎಂದು ಕಲಿಸಿದ್ದರು. ನಾಲ್ಕನೆಯ ದಿನ ಬೋರಗಾಂವಕ್ಕೆ ಹೋದೆ. ಅಲ್ಲೊಬ್ಬ ಮಗ್ಗದ ಕೆಲಸಗಾರ ಗುಳಿಗೆ ನಡುವೆಯೇ ಬಿಟ್ಟಿದ್ದ. ಮೂರು ದಿನ ಮೊದಲೇ ಹೋಗಬೇಕಿತ್ತು, ತರಬೇತಿಯಿಂದ ತಡವಾಯಿತು. ಕಟ್ಟೆಯ ತುಂಬ ಜನ ಕೂತಿದ್ದರು. ಒಳ್ಳೆಯದೇ ಆಯಿತೆಂದು ಬೆಳೆ, ಮಳೆ, ಮಕ್ಕಳ ಸಾಲೆ ಎಲ್ಲ ವಿಚಾರಿಸಿದೆ. ಪಾಪ, ಎಲ್ಲದಕ್ಕೂ ಉತ್ತರ ಕೊಟ್ಟರು. ಕೊನೆಗೆ ಅವನ ತಮ್ಮನನ್ನು ಕೇಳಿದೆ, ಅಣ್ಣಾರ ಕೆಮ್ಮು ಹೆಂಗೈತಿ ಅಂತ.

"ನಿನ್ನಿ ಸಂಜಿಯಿಂದ ನಿಂತೈತ್ರಿ."

"ಬೇಷಾತು ಬಿಡ್ರಿ" ಎಂದೆ.

"ಈಗ ಮಣ್ಣು ಮಾಡಿ ಬಂದೀವ್ರಿ."

ಯಾರೂ ಬೈಯಲಿಲ್ಲ. ಅವನ ಹೆಂಡತಿ ಉಳಿದ ಗುಳಿಗೆಯ ಚೀಲ ತಂದು, ಯಾರಿಗಾದರೂ ಬರುತ್ತವೆ, ಒಯ್ಯಿರಿ ಎಂದಳು. ಮೂರು ದಿನ ಮಾತು ಕಲಿತು ಬಂದವಳು ಚೀಲ ಇಸಿದುಕೊಂಡು ಗಾಡಿಯ ಕಡೆ ನಡೆದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆರನೆಯ ಸಲ

ಕಬ್ಬೂರಿನ ಹುಡುಗಿಗೆ ಹಾಗಾಗಬಾರದೆಂದು ಹಟ ಹಿಡಿದೆ. ಮದುವೆಗೆ ಬಂದ ಹುಡುಗಿ, ಆರು ತಿಂಗಳು ಗುಳಿಗೆ ನುಂಗಬೇಕಿತ್ತು. ಹದಿನೈದು ದಿನಕ್ಕೊಮ್ಮೆ ಬರುವ ನನ್ನನ್ನು ಅವಳ ತಾಯಿ ಓಣಿಗೆಲ್ಲ ಹುಡುಗನ ಸೋದರತ್ತೆ ಎಂದು ಹೇಳಿದ್ದಳು, ಹೆಣ್ಣು ನೋಡಲು ಬಂದವಳು. ಹುಡುಗಿ ಸೀರೆ ಉಟ್ಟು ಅವಲಕ್ಕಿ ತರುತ್ತಿದ್ದಳು. ನಾನು ತಿಂದು, ಗುಳಿಗೆ ಕೊಟ್ಟು ಬರುತ್ತಿದ್ದೆ.

ಆರನೆಯ ಸಲ ಹೋದಾಗ ತಾಯಿ ಬಾಗಿಲಲ್ಲೇ ತಡೆದಳು. ಐದು ಸಲ ನೋಡಿಯೂ ಒಪ್ಪಲಿಲ್ಲವೆಂದರೆ ಹುಡುಗಿಯಲ್ಲೇ ಏನೋ ಐಬಿದೆ ಎಂದು ಎದುರುಮನೆಯವಳು ಆಡಿಕೊಂಡಿದ್ದಳಂತೆ. ಗುಳಿಗೆ ಈಗ ಬಿಟ್ಟರೆ ರೋಗ ತಿರುಗಿ ಬರುತ್ತದೆ, ಇನ್ನೂ ಜೋರಾಗಿ ಬರುತ್ತದೆ ಎಂದೆ.

"ರೋಗಕ್ಕ ದವಾಖಾನಿ ಐತ್ರೀ ಅಕ್ಕಾರ. ಹೆಸರು ಕೆಟ್ರ ಎಲ್ಲಿಗ್ ಒಯ್ಯೂಣು?"

ಒಳಗಿದ್ದ ಹುಡುಗಿ ಹೊರಗೆ ಬಂದು, ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದ ಎದುರುಮನೆಯವಳಿಗೆ ಕೇಳುವಂತೆ ಹೇಳಿದಳು: "ಇವರು ಹೆಣ್ಣು ನೋಡಾಕ ಬಂದಿಲ್ರಿ ಕಾಕೂ. ನನಗ ಟಿಬಿ ಐತಿ, ಗುಳಿಗಿ ತರ್ತಾರ." ತಾಯಿ ಸೆರಗು ಬಾಯಿಗೆ ಹಿಡಿದು ಅಲ್ಲೇ ಕುಸಿದಳು. ಹುಡುಗಿ ನನ್ನ ಕೈಯಿಂದ ಗುಳಿಗೆ ಇಸಿದುಕೊಂಡು ಒಳಗೆ ಹೋದಳು.

ನಾನು ಗಾಡಿ ಚಾಲೂ ಮಾಡುವಷ್ಟರಲ್ಲಿ ಎದುರುಮನೆಯವಳು ಹಿಂದೆಯೇ ಬಂದಳು. ಇನ್ನೇನು ಅನ್ನುತ್ತಾಳೋ ಎಂದು ಹೆದರಿದೆ. ಅವಳು ಅತ್ತಿತ್ತ ನೋಡಿ, ತನ್ನ ಗಂಡ ಎರಡು ತಿಂಗಳಿಂದ ಕೆಮ್ಮುತ್ತಿದ್ದಾನೆ, ಕಫ ಪರೀಕ್ಷೆಗೆ ಒಯ್ಯುವ ಡಬ್ಬಿ ತನ್ನಿ ಎಂದಳು. ನಾಳೆಯೇ ಬರುತ್ತೇನೆ ಎಂದೆ.

"ಬರ್ರಿ. ಆದ್ರ ನಮ್ಮ ಮನ್ಯಾಗ ಹುಡುಗಿ ಇಲ್ರಿ. ಎಮ್ಮಿ ನೋಡಾಕ ಬಂದೀನಿ ಅನ್ರಿ."

ಮರುದಿನ ಹೋದೆ. ಅವಳ ಗಂಡ ನನ್ನನ್ನು ನೇರ ಕೊಟ್ಟಿಗೆಗೆ ಕರೆದೊಯ್ದು ಎಮ್ಮೆಯ ಬಾಯಿ ತೆರೆದು ಹಲ್ಲು ತೋರಿಸಿದ. ಆಮೇಲೆ ಓಣಿಗೆಲ್ಲ ಕೇಳುವಂತೆ, "ಯಾವ ರೋಗಾನೂ ಇಲ್ರಿ ಇದಕ್ಕ" ಎನ್ನುತ್ತ, ಕೆಮ್ಮು ತಡೆಯಲಾಗದೆ ಎಮ್ಮೆಯ ಕೊರಳು ಹಿಡಿದುಕೊಂಡು ನಿಂತ.