ಅಡಿಗೆಮನೆಯ ಗೋಡೆಗೆ ಗುರಿ

ಈ ವರ್ಷ ಜಿಲ್ಲಾ ಪಿಸ್ತೂಲು ತಂಡದಲ್ಲಿ ನನ್ನ ಹೆಸರು ಇದ್ದೇ ಇರುತ್ತದೆ ಎಂದು ನಾನು ಘೋಷಿಸಿದಾಗ ನನಗೆ ಐವತ್ತೆರಡು ವರ್ಷ, ಸೊಂಟದ ಸುತ್ತಳತೆ ನಲವತ್ತೆರಡು ಇಂಚು. ಉದ್ಯಮಬಾಗದ ಫೌಂಡ್ರಿಯಲ್ಲಿ ಇಪ್ಪತ್ತೈದು ವರ್ಷ ಕಾದ ಕಬ್ಬಿಣ ಸುರಿದ ಕೈ ಇದು, ಒಂದು ಕಿಲೋ ತೂಕದ ಏರ್ ಪಿಸ್ತೂಲು ಇದಕ್ಕೆ ಯಾವ ಲೆಕ್ಕ! ಖಾನಾಪುರದಲ್ಲಿರುವ ಹೆಂಡತಿಯ ತಮ್ಮ ಗೌರೀಶನಿಗೂ ಫೋನು ಮಾಡಿ ಕೊಚ್ಚಿಕೊಂಡೆ.

ತರಬೇತುದಾರ ತೌಸೀಫ ಸರ್ ಒಂದೇ ಪರೀಕ್ಷೆ ಇಟ್ಟರು. ನಳಿಗೆಯ ತುದಿಯ ಮೇಲೆ ಒಂದು ನಾಣ್ಯ ಇಟ್ಟು, ಕೈ ಚಾಚಿ, ಹತ್ತು ಸಲ ಟ್ರಿಗರ್ ಎಳೆಯಬೇಕು. ಭಾನುವಾರ ನಾಣ್ಯ ಬಿದ್ದರೆ ತಂಡದಲ್ಲಿ ಹೆಸರಿಲ್ಲ. ಅಲ್ಲಿಯವರೆಗೆ ಮನೆಯಲ್ಲೇ ಗುಂಡಿಲ್ಲದೆ ಅಭ್ಯಾಸ. ಗುಂಡು ಆ ಕೋಣೆಯಲ್ಲೇ ಇರಬಾರದು, ಪಿಸ್ತೂಲು ಖಾಲಿ ಇದೆಯೇ ಎಂದು ಎರಡು ಸಲ ನೋಡಬೇಕು, ಗುರಿ ಇಟ್ಟ ಗೋಡೆಯ ಹಿಂದೆ ಯಾರೂ ಇರಬಾರದು ಎಂದು ಸಾಲಿ ಮಕ್ಕಳಿಗೆ ಹೇಳುವಂತೆ ಹೇಳಿ ಕಳಿಸಿದರು.

ಮೊದಲೆರಡನ್ನು ಚಾಚೂ ತಪ್ಪದೆ ಪಾಲಿಸಿದೆ. ಗುಂಡಿನ ಡಬ್ಬಿಯನ್ನು ಹೆಂಡತಿ ಕಾಂತಾ ತಿಜೋರಿಯಲ್ಲಿಟ್ಟು ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೂರನೆಯದು ಮರೆತೇ ಹೋಯಿತು! ಅವಳದೇ ಹಣೆಯ ಒಂದು ಟಿಕಳಿಯನ್ನು ಪಡಸಾಲೆಯ ಗೋಡೆಗೆ ಅಂಟಿಸಿ ಗುರಿ ಮಾಡಿಕೊಂಡೆ. ಆ ಗೋಡೆಯ ಆಚೆಗೆ ಅಡಿಗೆಮನೆ.

ಬುಧವಾರ ಮುಂಜಾನೆ ಉಸಿರು ಬಿಗಿಹಿಡಿದು ನಿಂತಿದ್ದೆ. ಗೋಡೆಯ ಆಚೆ ಕಾಂತಾ ತಪತಪ ರೊಟ್ಟಿ ಬಡಿಯುತ್ತಿದ್ದಳು. ಬಾಜು ಮನೆಯ ಶಿವಲಿಂಗವ್ವ ಮೊಸರಿನ ಹೆಪ್ಪು ಕೇಳಲು ಬಟ್ಟಲು ಹಿಡಿದು ಬಾಗಿಲಿಗೆ ಬಂದಿದ್ದು ನನಗೆ ಗೊತ್ತೇ ಆಗಲಿಲ್ಲ. ನಾನು ಟ್ರಿಗರ್ ಎಳೆದೆ. ಟಕ್! ಅದೇ ಕ್ಷಣಕ್ಕೆ ರೊಟ್ಟಿಯ ಸದ್ದು ನಿಂತಿತು. ಪಾಪ, ಕಾಂತಾ ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದ್ದಳು, ಅಷ್ಟೇ. ಶಿವಲಿಂಗವ್ವ ಬಟ್ಟಲು ಅಲ್ಲೇ ಬಿಟ್ಟು ಓಡಿ, ನಾನು ಕಾಂತಾಳಿಗೆ ಗುಂಡು ಹೊಡೆದೆನೆಂದು ಗೌರೀಶನಿಗೆ ಫೋನು ಮಾಡಿದಳಂತೆ. ನಾನು ಸೋಫಾದ ಕೆಳಗೆ ತಲೆ ತೂರಿಸಿ ಉರುಳಿಹೋದ ನಾಣ್ಯ ಹುಡುಕುತ್ತಿದ್ದೆ.

ಮುಕ್ಕಾಲು ತಾಸಿನಲ್ಲಿ ಖಾನಾಪುರದಿಂದ ಒಂದು ಟೆಂಪೋ ಬಂದು ನಿಂತಿತು. ಗೌರೀಶ, ಅವನ ಹಿಂದೆ ಆರು ಜನ. ಕಾಂತಾ ಹಿಟ್ಟಿನ ಕೈಯಲ್ಲೇ ಹೊರಬಂದು ಕೇಳಿದಳು:

“ಯಾಕೋ ಗೌರ್ಯಾ, ಇಷ್ಟು ಮಂದಿ ಹೇಳದ ಕೇಳದ ಬಂದೀರಿ? ರೊಟ್ಟಿ ಸಾಲೂದಿಲ್ಲ.”

ಅಕ್ಕನನ್ನು ಕಂಡು ಅವನ ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಕಡೆ ತಿರುಗಿದ.

“ಮಾಮಾ, ಅಕ್ಕಾನ ಮ್ಯಾಲ ಏನರ ಸಿಟ್ಟಿದ್ರ ನನಗ ಹೇಳಬೇಕಿತ್ತಿಲ್ಲೋ.”

ಪಿಸ್ತೂಲು ತೆರೆದು ಖಾಲಿ ಇದೆ ಎಂದು ಎಲ್ಲರಿಗೂ ತೋರಿಸಿದೆ. ತಿಜೋರಿಯ ಕೀಲಿ ತೋರಿಸಿದೆ. ಕಾಂತಾ ಟಿಕಳಿಯನ್ನು ನೋಡಿದಳು, ಗೋಡೆಯನ್ನು ನೋಡಿದಳು.

“ಖಾಲಿ ಐತಿ, ಖರೇ. ಆದ್ರ ಗ್ವಾಡಿ ಆಚೀಕ ನಾ ಇದ್ನೆಲ್ರೀ?”

ಏಳು ಜನರ ಮುಂದೆ ತಪ್ಪಾಯಿತು ಎಂದು ಒಪ್ಪಿಕೊಂಡೆ, ಟಿಕಳಿಯನ್ನು ಹಿತ್ತಲಿನ ಕಲ್ಲಿನ ಗೋಡೆಗೆ ಸಾಗಿಸಿದೆ. ಅದರಾಚೆ ಬರೀ ಖಾಲಿ ಜಾಗ. ಹೋದ ಮಾನ ಮರಳಿ ಪಡೆಯಬೇಕಲ್ಲ, ಎಲ್ಲರೆದುರು ಪರೀಕ್ಷೆಗೆ ನಿಂತೆ. ಹತ್ತು ಸಲ ಎಳೆದೆ, ಹತ್ತೂ ಸಲ ನಾಣ್ಯ ಬಿತ್ತು. ಗೌರೀಶನ ಆರು ಜನ ಸರತಿಯಲ್ಲಿ ಎತ್ತಿಕೊಟ್ಟರು.

ಆಗ ಕಾಂತಾ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಪಿಸ್ತೂಲು ಖಾಲಿ ಇದೆಯೇ ಎಂದು ಎರಡು ಸಲ ನೋಡಿದಳು, ನಾಣ್ಯ ಇಡಿಸಿಕೊಂಡು ಕೈ ಚಾಚಿದಳು. ಹತ್ತು ಸಲ ಟಕ್ ಎಂದಿತು. ನಾಣ್ಯ ಮಿಸುಕಲಿಲ್ಲ. ಇದನ್ನೆಲ್ಲಿ ಕಲಿತೆ ಎಂದು ಕೇಳಿದೆ.

“ದಿನಾ ಮುಂಜಾನಿ ಅಂಗೈ ಮ್ಯಾಲ ಲಿಂಗ ಹಿಡ್ಕೊಂಡು ಅರ್ಧಾ ತಾಸು ಕುಂದರ್ತೀನಲ್ರೀ. ಕೈ ಅಳ್ಳಾಡಿದ್ರ ನಡೀತದೇನು?”

ನಾನೂ ಐವತ್ತೆರಡು ವರ್ಷದಿಂದ ಲಿಂಗ ಕಟ್ಟಿಕೊಂಡವನೇ. ಆದರೆ ನನ್ನ ಪೂಜೆ ಪಾಳಿಯ ಬಸ್ಸಿನ ಭಯದಲ್ಲಿ ಎರಡೇ ನಿಮಿಷದಲ್ಲಿ ಮುಗಿಯುತ್ತಿತ್ತು.

ಭಾನುವಾರ ಪರೀಕ್ಷೆಗೆ ಅವಳನ್ನೂ ಕರೆದೊಯ್ದೆ. ತೌಸೀಫ ಸರ್ ತಂಡದ ಯಾದಿಯಲ್ಲಿ ನಮ್ಮ ಮನೆಯ ಹೆಸರು ಬರೆದರು, ಹೆಂಗಸರ ವಿಭಾಗದಲ್ಲಿ. ನಾನು ಅವಳ ವ್ಯಾನಿಟಿ ಬ್ಯಾಗು ಹಿಡಿದು ಚಪ್ಪಾಳೆ ತಟ್ಟಿದೆ, ಖರೇ ಹೇಳುತ್ತೇನೆ, ಎದೆ ತುಂಬಿ ಬಂತು.

ಸೋಮವಾರದಿಂದ ಅವಳ ಪಕ್ಕದಲ್ಲಿ ಪೂಜೆಗೆ ಕೂರಬೇಕೆಂದು ಅಪ್ಪಣೆಯಾಯಿತು. ಐದೇ ನಿಮಿಷಕ್ಕೆ ನನ್ನ ಕೈ ಥರಥರ ನಡುಗತೊಡಗಿತು. ಕಾಂತಾ ತನ್ನ ಲಿಂಗದ ಮೇಲಿನ ದೃಷ್ಟಿ ತೆಗೆಯದೆಯೇ ಬಲಗೈಯನ್ನು ನನ್ನ ಮಣಿಕಟ್ಟಿನ ಕೆಳಗೆ ಆಸರೆಯಾಗಿ ಇಟ್ಟಳು.

“ಉಸರು ಬಿಡ್ರಿ,” ಎಂದಳು ಮೆಲ್ಲಗೆ. “ಇಲ್ಲಿ ಯಾರೂ ನಂಬರ ಕೊಡೂದಿಲ್ಲ.”