ಹೆಂಡತಿ ಟ್ರೈನಿಂಗಿಗೆ ಹೋದ ವರ್ಷ

ಹೆಂಡತಿ ಊರಲ್ಲಿಲ್ಲ ಅನ್ನುವ ಸುದ್ದಿ ಅಕ್ಕಪಕ್ಕದವರಿಗೆ ತಿಳಿಯುವ ಮೊದಲೇ ಮನೆಯ ಒಲೆಗೆ, ನೀರಿನ ಕೊಡಕ್ಕೆ, ಮಕ್ಕಳ ಹೊಟ್ಟೆಗೆ ತಿಳಿದುಬಿಡುತ್ತದೆ. ಆಮೇಲೆ ಅವೆಲ್ಲ ಒಟ್ಟಾಗಿ ಗಂಡನ ಮೇಲೆ ತಿರುಗಿ ಬೀಳುತ್ತವೆ. ಒಂದು ವರ್ಷ ಪೂರ್ತಿ ಅನುಭವಿಸಿದವನು ಹೇಳುತ್ತಿದ್ದೇನೆ, ನಂಬಿ.

ನಾನು ಶಿರಾದಲ್ಲಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ನನ್ನ ಹೆಂಡತಿ ಪ್ರೈಮರಿ ಸ್ಕೂಲಿನಲ್ಲಿ ಮೇಡಂ. ಸಾವಿರದ ಒಂಬೈನೂರ ಅರವತ್ತರ ಆಚೀಚೆ ಅವಳಿಗೊಂದು ಆರ್ಡರ್ ಬಂತು. ತುಮಕೂರಿನಲ್ಲಿ ಒಂದು ವರ್ಷ ಟ್ರೈನಿಂಗ್ ಮಾಡಿ ಪರೀಕ್ಷೆ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಕೆಲಸವೇ ಇಲ್ಲ. ನಮಗೆ ಮೂವರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು, ನಡುವಿನವಳಿಗೆ ಆರು, ಚಿಕ್ಕದಕ್ಕೆ ಆಗತಾನೇ ಎರಡು ತುಂಬಿತ್ತು. "ಬೇಡ ಬಿಡಿ, ಕೆಲಸ ಹೋದರೆ ಹೋಗ್ಲಿ" ಅಂದಳು. ಹಾಗೆ ಅನ್ನುವಾಗ ಅವಳ ಕಣ್ಣು ತುಂಬಿತ್ತು. "ಹೋಗು, ನಾನಿದ್ದೀನಿ" ಅಂದುಬಿಟ್ಟೆ.

ಹೊಳವನಹಳ್ಳಿಯಲ್ಲಿದ್ದ ನನ್ನ ಅಕ್ಕ ಕೇಳಿ ಕೆಂಡವಾದಳು. "ಗಂಡಸು ಮನೆ ನಡ್ಸದುಂಟೇನ್ಲಾ? ಒಂದೇ ಒಂದು ಎಡವಟ್ಟಾಗ್ಲಿ, ನಾನೇ ತುಮ್ಕೂರ್ಗೋಗಿ ಅವಳ್ನ ಕರ್ಕಂಬತ್ತೀನಿ, ನೋಡ್ತಿರು!"

ಹಾಗಾಗಿ ನನಗೆ ಎರಡು ಕೆಲಸ. ಎಡವಟ್ಟು ಆಗದಂತೆ ನೋಡಿಕೊಳ್ಳುವುದು, ಆದರೂ ಅದು ಶಿರಾ ದಾಟದಂತೆ ನೋಡಿಕೊಳ್ಳುವುದು. ಮೊದಲನೆಯದರಲ್ಲಿ ಮೊದಲ ದಿನವೇ ಫೇಲಾದೆ.

ನೆಟ್ಟಗಿನ ಬೈತಲೆ

ಮೊದಲ ದಿನ ಬೆಳಿಗ್ಗೆ ದೊಡ್ಡವಳು ಬಾಚಣಿಗೆ ಹಿಡಿದು ಬಂದು ಎದುರಿಗೆ ಕೂತಳು. ಎಷ್ಟು ತೆಗೆದರೂ ಬೈತಲೆ ಹಾವಿನ ಹಾಗೆ ಓಡುತ್ತಿತ್ತು. ಇಪ್ಪತ್ತು ವರ್ಷ ಗೆರೆ ಎಳೆದು ಬಟ್ಟೆ ಕತ್ತರಿಸಿದ ಕೈ ನನ್ನದು, ಮಗಳ ತಲೆಯ ಮುಂದೆ ಸೋಲುವುದೇ? ಟೇಪು ತೆಗೆದು ಎರಡು ಕಿವಿಗಳ ನಡುವೆ ಅಳೆದೆ. ಸರಿಯಾಗಿ ಅರ್ಧಕ್ಕೆ ಗುರುತು ಹಾಕಿ, ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಹಣೆಯಿಂದ ಹಿಂದಲೆಯವರೆಗೆ ಒಂದು ಗೆರೆ ಎಳೆದೆ. ಆ ಗೆರೆಯ ಮೇಲೆ ಬಾಚಣಿಗೆ ಓಡಿಸಿದೆ. ಎಂಥ ಬೈತಲೆ! ಕೂದಲೆಳೆಯಷ್ಟೂ ವಾರೆ ಇಲ್ಲ. ಹುಮ್ಮಸ್ಸಿನಲ್ಲಿ ನಡುವಿನವಳಿಗೂ ಹಾಗೇ ಮಾಡಿದೆ.

ಇಬ್ಬರೂ ಬಿಳಿ ಗೆರೆ ಹೊತ್ತುಕೊಂಡೇ ಸ್ಕೂಲಿಗೆ ಹೋದರು. ಅವರ ಮೇಡಂ ದಾರಿಯಲ್ಲಿ ಸಿಕ್ಕಾಗ ನಗು ತಡೆದುಕೊಂಡು ಕೇಳಿದರು: "ತಲೆಗೂದಲನ್ನೂ ಕತ್ತರಿಸೋಕೆ ಗುರುತು ಹಾಕಿದ್ರಾ?"

ಅಷ್ಟಕ್ಕೇ ನನಗೆ ಒಂದೂವರೆ ಗಂಟೆ ಹಿಡಿದಿತ್ತು. ನನ್ನ ಹೆಂಡತಿ ಒಲೆಯ ಮೇಲೆ ಎಸರು ಮರಳುವಷ್ಟರಲ್ಲಿ ಮೂರು ತಲೆ ಬಾಚಿ, ತನ್ನದನ್ನೂ ಮುಗಿಸಿ, ಹೂ ಮುಡಿಸಿಬಿಡುತ್ತಿದ್ದಳು. ಪಕ್ಕದಲ್ಲೇ ಮಿಷನ್ ತುಳಿಯುತ್ತಿದ್ದರೂ ನಾನು ಒಂದು ದಿನವೂ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ. ಆ ದಿನ ನನಗೆ ನಿಜವಾಗಿ ನಾಚಿಕೆಯಾಯಿತು. ಪ್ಯಾಂಟು ಹೊಲಿಸಲು ಬಂದು ಕಾದು ಕೂತಿದ್ದ ರೈತನೊಬ್ಬ ಮಾತ್ರ ಬೇರೆಯೇ ಲೆಕ್ಕದಲ್ಲಿದ್ದ. "ಜಡೆ ಚೆನ್ನಾಗ್ ಬಂದೈತೆ ಬುಡು. ಇದ್ರಲ್ಲಿ ಅರ್ಧ ನಿಗಾ ನನ್ ಪ್ಯಾಂಟ್ ಮ್ಯಾಲೆ ಇಡಪ್ಪ!"

ಕಣ್ಣಳತೆ ಮುದ್ದೆ

ಮುದ್ದೆಗೆ ನೀರೆಷ್ಟು, ಹಿಟ್ಟೆಷ್ಟು ಅಂತ ಕಾಗದ ಬರೆದು ಕೇಳಿದೆ. "ಕಣ್ಣಳತೆಯಲ್ಲಿ ಹಾಕಿ" ಅಂತ ಉತ್ತರ ಬಂತು. ದರ್ಜಿಗೆ ಯಾರಾದರೂ ಕಣ್ಣಳತೆ ಅನ್ನುತ್ತಾರೆಯೇ? ಕಣ್ಣಳತೆಯಲ್ಲಿ ಅಂಗಿ ಹೊಲಿದರೆ ತೋಳು ಮೊಣಕೈಗೆ ಬಂದು ನಿಲ್ಲುತ್ತದೆ.

ಆದರೂ ಒಲೆ ಹಚ್ಚಿದೆ. ತೆಳ್ಳಗಾಯಿತು ಅಂತ ಹಿಟ್ಟು ಸುರಿದೆ. ಗಟ್ಟಿಯಾಯಿತು ಅಂತ ನೀರು ಹೊಯ್ದೆ. ಮತ್ತೆ ಹಿಟ್ಟು, ಮತ್ತೆ ನೀರು. ಪಾತ್ರೆ ಸಾಲದೆ ನೀರು ಕಾಯಿಸುವ ಹಂಡೆಗೆ ಎತ್ತಿ ಹಾಕಿದೆ. ಮಕ್ಕಳು ಹಿಂದೆ ಸಾಲಾಗಿ ನಿಂತು ನೋಡುತ್ತಿದ್ದವು.

ನಾನು ಕೆಮ್ಮುವ ಸದ್ದು ಕೇಳಿ ಪಕ್ಕದ ಮನೆಯ ಸಾಬರ ಅಜ್ಜಿ ಬಂದರು. ನನ್ನ ಮಕ್ಕಳು ಅವರನ್ನು ನಾನಿಮಾ ಅನ್ನುತ್ತಿದ್ದರು. ಆ ತಾಯಿ ಹಂಡೆಯೊಳಗೆ ಇಣುಕಿ, "ಯಾ ಅಲ್ಲಾ! ಶಾದಿ ಐತೇನ್ ಬೇಟಾ ಮನೇಲಿ?" ಅಂದರು. ಆಮೇಲೆ ಸೆರಗು ಸಿಕ್ಕಿಸಿ, ಕೋಲು ಕಿತ್ತುಕೊಂಡು, ಕೆಳಗಿಳಿಸಿದ ಹಂಡೆಯನ್ನು ಎರಡು ಕಾಲಲ್ಲಿ ಅಮುಕಿ ಹಿಡಿದು ತೊಳಸಿದರು. ಅರವತ್ತು ದಾಟಿದ ಜೀವ. ನಾನು ಬರೀ ಗಾಳಿ ಬೀಸುತ್ತ ನಿಂತಿದ್ದೆ.

ಎಣಿಸಿದರೆ ಮೂವತ್ತೊಂದು ಮುದ್ದೆ. ನಾವು ತಿಂದೆವು, ನಾನಿಮಾ ಮನೆಯವರು ತಿಂದರು, ಬೀದಿಯವರು ತಿಂದರು. ಅಂಗಡಿಗೆ ಬಂದ ಗಿರಾಕಿಗಳಿಗೂ ಬಟ್ಟೆಯ ಜೊತೆಗೆ ಒಂದೊಂದು ಕೊಟ್ಟು ಕಳಿಸಿದೆ. ಆಮೇಲೆ ಎಷ್ಟೋ ದಿನ, "ಬಟ್ಟೆ ಇನ್ನೂ ಆಗಿಲ್ಲ" ಅಂದರೆ ಯಾರೂ ಬೈಯುತ್ತಿರಲಿಲ್ಲ. "ಓಗ್ಲಿ ಬುಡು, ಮುದ್ದೆ ಆಗೈತಾ?" ಅನ್ನುತ್ತಿದ್ದರು.

ಸೀರೆ ಹೊದ್ದ ದರ್ಜಿ

ಚಿಕ್ಕದಕ್ಕೆ ಮಧ್ಯಾಹ್ನ ಅಮ್ಮನ ಸೆರಗು ಬೆರಳಿಗೆ ಸುತ್ತಿಕೊಳ್ಳದಿದ್ದರೆ ನಿದ್ದೆ ಬಾರದು. ಹೆಂಡತಿಯ ಹಳೇ ಸೀರೆ ಮಡಿಸಿ ಕೊಟ್ಟೆ. ಎಸೆಯಿತು. ಸೆರಗು ಅಂದಮೇಲೆ ಅದು ಯಾರದಾದರೂ ಮೈಮೇಲಿರಬೇಕು ಅನ್ನುವುದು ಅದರ ಕಾನೂನು. ಕೊನೆಗೆ ನಾನೇ ಸೀರೆಯನ್ನು ತಲೆ ಮೇಲಿಂದ ಹೊದ್ದು ಮಿಷನ್ ಮುಂದೆ ಕೂತೆ. ಮಗು ಸೆರಗಿನ ತುದಿ ಹಿಡಿದು ಕಾಲಬಳಿ ಮಲಗಿತು. ದಿನಾ ಅದೇ ಏರ್ಪಾಡಾಯಿತು.

ಒಂದು ದಿನ ಹಾಗೇ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೇನೆ, ಬಾಯಲ್ಲಿ ನಾಲ್ಕು ಗುಂಡುಪಿನ್ನು. ಹಿಂದಿನಿಂದ ಅಕ್ಕನ ದನಿ!

"ಬಂದ್ಬುಟ್ಯೇನಮ್ಮ? ಬಂದೇ ಬತ್ತೀಯ ಅಂತ ನಂಗೊತ್ತಿತ್ತು ಕಣಮ್ಮ. ಆ ನನ್ ತಮ್ಮ ಏನ್ ಮನೆ ನಡ್ಸಾನು? ಚಿಕ್ಕೋನಾಗಿದ್ದಾಗ ಅವನ್ ಚಡ್ಡಿ ಲಾಡಿ ಅವನಿಗೇ ಕಟ್ಕಳಕ್ ಬತ್ತಿರ್ಲಿಲ್ಲ..."

ಮಾತಾಡಿದರೆ ಪಿನ್ನು ಗಂಟಲಿಗೆ ಇಳಿಯುತ್ತದೆ, ಎದ್ದರೆ ಮಗು ಏಳುತ್ತದೆ. ನನ್ನ ಎಂಟನೇ ವಯಸ್ಸಿನಿಂದ ಹಿಡಿದು ಎಲ್ಲ ಮಾನವನ್ನೂ ಅವಳು ಹರಾಜು ಹಾಕುವವರೆಗೆ ಸುಮ್ಮನೆ ಕೂತಿದ್ದೆ. ಕೊನೆಗೆ, "ಯಾಕಮ್ಮ ಮಾತಾಡಲ್ಲ?" ಅಂತ ಭುಜ ಹಿಡಿದು ತಿರುಗಿಸಿದಳು. ಸೆರಗಿನೊಳಗಿಂದ ನನ್ನ ಮೀಸೆ ಕಂಡಿತು.

ಅಕ್ಕ ಅಲ್ಲೇ ಕುಸಿದು ಕೂತಳು. ಬಾಯಿಗೆ ಸೆರಗು ತುರುಕಿಕೊಂಡು, ಮಗು ಏಳದ ಹಾಗೆ, ಮೈಯೆಲ್ಲ ಕುಲುಕಿಸಿ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಮೆಲ್ಲಗೆ ಹೇಳಿದಳು: "ನಿಮ್ ಭಾವ ಈ ಜನ್ಮದಲ್ಲಿ ನೀರ್ ಕುಡಿದ ಲೋಟ ಎತ್ತಿಕ್ಕಿಲ್ಲ ಕಣ್ಲಾ. ನೀನು ಪರವಾಗಿಲ್ಲ." ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೆ ಬಿಗಿಯಾದಳು. "ಆದ್ರೂ ಆ ಬಣ್ಣ ನಿಂಗೊಪ್ಪಲ್ಲ."

ಮಸಿ ಮೂಲೆಯ ಕಾರ್ಡು

ಹೀಗೆ ಹನ್ನೊಂದು ತಿಂಗಳು ಕಳೆದು ಪರೀಕ್ಷೆ ಬಂತು. ವಾರಕ್ಕೊಂದು ಪೋಸ್ಟ್ ಕಾರ್ಡ್ ಬರೆಯುವುದು ನನ್ನ ನೇಮ. ಏನೇ ಆಗಿರಲಿ, "ಎಲ್ಲರೂ ಕ್ಷೇಮ, ನೀನು ಚಿಂತೆ ಬಿಟ್ಟು ಓದು" ಅಂತಲೇ ಬರೆಯುತ್ತಿದ್ದೆ. ಆ ಸಲ ಮಸಿ ಹಿಡಿದ ಮಡಕೆಯನ್ನು ಒಲೆಯಿಂದ ಇಳಿಸಿ, ಅವಸರದಲ್ಲಿ ಅದೇ ಕೈಯಲ್ಲಿ ಕಾರ್ಡ್ ಹಿಡಿದು ಡಬ್ಬಕ್ಕೆ ಹಾಕಿ ಬಂದೆ. ಹೆಬ್ಬೆಟ್ಟಿನ ಮಸಿ ಕಾರ್ಡಿನ ಮೂಲೆಗೆ ಮೆತ್ತಿದ್ದು ನನಗೆ ಕಾಣಲೇ ಇಲ್ಲ.

ನಮ್ಮ ಕಡೆ ಮದುವೆ ಕಾಗದದ ಮೂಲೆಗೆ ಅರಿಸಿನ, ಸಾವಿನ ಕಾಗದದ ಮೂಲೆಗೆ ಮಸಿ. ಮಸಿ ಕಾಗದ ಹೊಸಿಲು ದಾಟಬಾರದು. ತುಮಕೂರಿನ ಹಾಸ್ಟೆಲಿನ ಕಾವಲುಗಾರ ಅದನ್ನು ಎರಡು ಬೆರಳಲ್ಲಿ ಹಿಡಿದು ಗೇಟಿನ ಹೊರಗೆ ಕಲ್ಲಿನಡಿ ಇಟ್ಟು, ನನ್ನ ಹೆಂಡತಿಯನ್ನು ಕರೆದನಂತೆ. ಅವಳು ಮೂಲೆ ನೋಡಿದವಳೇ ನೆಲಕ್ಕೆ ಕೂತಳು. ಮಕ್ಕಳಿಗೆ ಓದಲು ಕಲಿಸುವ ವಿದ್ಯೆ ಕಲಿಯುತ್ತಿದ್ದ ನಲವತ್ತು ಹೆಂಗಸರು ಸುತ್ತ ನಿಂತಿದ್ದರು. ಒಬ್ಬರೂ ಆ ಕಾರ್ಡನ್ನು ಓದಲಿಲ್ಲ. ಎಲ್ಲರೂ ಸೇರಿ ಅತ್ತು, ಅವಳನ್ನು ಶಿರಾ ಬಸ್ಸಿಗೆ ಹತ್ತಿಸಿದರು. ಮರುದಿನವೇ ಪರೀಕ್ಷೆ.

ಮಧ್ಯಾಹ್ನ ನಾನು ಅಂಗಿಯ ಗುಂಡಿಗೆ ಕಾಜಾ ಹಾಕುತ್ತ ಕೂತಿದ್ದೆ. ಬಸ್ ಸ್ಟ್ಯಾಂಡ್ ಕಡೆಯಿಂದ ಜನ ಗುಂಪಾಗಿ ಅಳುತ್ತ ನಮ್ಮ ಬೀದಿಗೆ ತಿರುಗಿದರು. ನಡುವೆ ನನ್ನ ಹೆಂಡತಿ! ಓಡಿ ಹೋಗಿ, "ಯಾರು ಹೋದ್ರೇ?" ಅಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ಮುಟ್ಟಿ ನೋಡಿದಳು. "ನೀವಿದ್ದೀರಾ? ಹಾಗಾದ್ರೆ ಮಕ್ಕಳು?"

ಮಕ್ಕಳು ಹೊರಗೆ ಬಂದವು. ಒಂದು, ಎರಡು, ಮೂರು. "ನಾನಿಮಾ?" ಅಂದಳು. "ನಾನೂ ಇದ್ದೀನಿ ಬೇಟಿ" ಅಂತ ನಾನಿಮಾ ಕೈ ಎತ್ತಿದರು. ನನ್ನ ಹೆಂಡತಿ ಸೆರಗಿನ ಗಂಟು ಬಿಚ್ಚಿ ಕಾರ್ಡ್ ತೆಗೆದಳು. ಗುಂಪು ಎರಡು ಹೆಜ್ಜೆ ಹಿಂದೆ ಸರಿಯಿತು. ದೊಡ್ಡ ಮಗಳು ಅದನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಗಟ್ಟಿಯಾಗಿ ಓದಿದಳು: "ಎಲ್ಲರೂ ಕ್ಷೇಮ. ನೀನು ಚಿಂತೆ ಬಿಟ್ಟು ಓದು."

ಗುಂಪಿನ ಹಿಂದಿನಿಂದ ಒಬ್ಬ ಮುದುಕ ಗಾಬರಿಯಾಗಿ ಕೂಗಿದ: "ಅಯ್ಯೋ, ನಾನು ಚಟ್ಟಕ್ಕೆ ಬಿದಿರು ಕಡಿಯಾಕೆ ಜನ ಕಳಿಸ್ಬುಟ್ಟೆನಲ್ಲಪ್ಪೋ!"

ಮಸಿ ನನ್ನ ಹೆಬ್ಬೆಟ್ಟಿನದು ಅಂತ ಗೊತ್ತಾಗಿ, ನಗು ಮುಗಿದ ಮೇಲೆ ಎಲ್ಲರೂ, "ಹೆಂಗೂ ಬಂದಿದ್ದೀಯ, ಇದ್ಬುಡಮ್ಮ" ಅಂದರು. ಚಿಕ್ಕದು ಅವಳ ಕೊರಳಿಗೆ ಜೋತುಬಿದ್ದಿತ್ತು. ನನಗೂ ಇರು ಅನ್ನಬೇಕು ಅನ್ನಿಸಿತು, ಸುಳ್ಳೇಕೆ? ಅವಳು ಮಗುವಿಗೆ ಮುತ್ತಿಟ್ಟು, ನಾನಿಮಾ ಕಂಕುಳಿಗೆ ದಾಟಿಸಿದಳು. ಮುಖ ತೊಳೆದು, ನಿಂತಲ್ಲೇ ಎರಡು ತುತ್ತು ಉಂಡು, ಐದು ಗಂಟೆಯ ಬಸ್ಸಿಗೆ ಹೊರಟುಬಿಟ್ಟಳು. ಬಸ್ಸಿನ ಕಿಟಕಿಯಲ್ಲಿ ಪುಸ್ತಕ ತೆರೆದದ್ದು ಕಂಡಿತು. ಅಂಥ ಇನ್ನೊಬ್ಬ ಗಟ್ಟಿ ಹೆಣ್ಣನ್ನು ನಾನು ನೋಡಿಲ್ಲ.

ಅವಳು ಫಸ್ಟ್ ಕ್ಲಾಸಿನಲ್ಲಿ ಪಾಸಾದಳು. ಮರುದಿನದ ಪರೀಕ್ಷೆ ಹೇಗೆ ಬರೆದೆ ಅಂತ ಆಮೇಲೆ ಕೇಳಿದೆ.

"ಮೊದಲನೇ ಪ್ರಶ್ನೆಯೇ ಸುಲಭವಾಗಿತ್ತು" ಅಂದಳು. "ಮಕ್ಕಳಿಗೆ ಕೈ ತೊಳೆಯುವ ಅಭ್ಯಾಸ ಏಕೆ ಮಾಡಿಸಬೇಕು ಅಂತ ಕೇಳಿದ್ರು. ಎಲ್ಲರೂ ಅರ್ಧ ಪುಟ ಬರೆದ್ರು. ನಾನು ಐದು ಪುಟ ಬರೆದೆ."