ಒಂದು ಗಂಟೆಯ ಸೈರನ್

ಕತ್ತರಿಗೆ ಇದ್ದದ್ದು ಒಂದೇ ದುರಭ್ಯಾಸ: ಕೈಮುಗಿಯುವುದು.

ಅಂಗಡಿಯ ಬಾಗಿಲಲ್ಲಿ ನೆರಳು ಬಿದ್ದರೆ ಸಾಕು, ಬಂದದ್ದು ಗಿರಾಕಿಯೋ, ವಿಳಾಸ ಕೇಳುವವರೋ, ಬೀದಿನಾಯಿಯೋ ಎಂದು ನೋಡುವ ಮೊದಲೇ ಅವನ ಎರಡೂ ಕೈ ಸೇರಿಬಿಡುತ್ತಿದ್ದವು. ನಡುವೆ ಬಾಚಣಿಗೆ ಸಿಕ್ಕಿಕೊಂಡಿದ್ದರೆ ಅದೂ ನಮಸ್ಕಾರದಲ್ಲಿ ಪಾಲುಗೊಳ್ಳುತ್ತಿತ್ತು. ಅಪ್ಪನಿಂದ ಬಂದ ಅಂಗಡಿ, ಅಪ್ಪನಿಂದ ಬಂದ ಕುರ್ಚಿ, ಅಪ್ಪನಿಂದ ಬಂದ ವಿನಯ. ಬೀದಿಯವರೆಲ್ಲ ಅವನನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಅಸಲು ಹೆಸರು ಅವನಿಗೂ ಎಲ್ಲಾದರೂ ಸಹಿ ಹಾಕುವಾಗಷ್ಟೇ ನೆನಪಾಗುತ್ತಿತ್ತು.

ಕೈಗೆ ಫೋನು ಬಂದ ಮೇಲೆ ಈ ಅಭ್ಯಾಸ ಫೋನಿಗೂ ಅಂಟಿತು. ಬೀದಿಯ ಬಳಗದಲ್ಲಿ ಯಾರು ಏನೇ ಬರೆಯಲಿ, ಅದರ ಕೆಳಗೆ ಮುಗಿದ ಕೈಗಳ ಚಿತ್ರವೊಂದನ್ನು ಒತ್ತಿ ಮುಂದಕ್ಕೆ ಹೋಗುತ್ತಿದ್ದ. ಓದುತ್ತಿರಲಿಲ್ಲ. ಒಬ್ಬರ ಕಿವಿ ಮಡಚಿ ಹಿಡಿದುಕೊಂಡು ಓದುವುದಾದರೂ ಹೇಗೆ? ಬರೆದವರೆಲ್ಲ ಗಿರಾಕಿಗಳು, ಕಂಡರೆ ಕೈಮುಗಿಯಬೇಕು, ಅಷ್ಟೇ.

ಬಳಗದ ಹೆಸರು ‘ಇದ್ದದ್ದು ಇರಲಿ’. ಅದನ್ನು ಹುಟ್ಟುಹಾಕಿದವರು ನಿವೃತ್ತ ಡ್ರಿಲ್ ಮೇಷ್ಟ್ರು. ಚೆನ್ನಾಗಿ ನಡೆಯುತ್ತಿರುವುದನ್ನು ಕಿತ್ತು ಹಾಕಬೇಕೆನ್ನುವವರು ಮೊದಲು ಕಾರಣ ಹೇಳಲಿ ಎಂಬುದು ಅಲ್ಲಿಯವರ ನಂಬಿಕೆ. ಶಾಲೆಯಲ್ಲಿ ಕೈಬರಹದ ಪಾಠ ನಿಂತುಹೋಗುವುದರಲ್ಲಿತ್ತು. ಬಳಗ ಎದ್ದು ಕೂತು ಉಳಿಸಿಕೊಂಡಿತು. ಪಾರ್ಕಿನಲ್ಲಿ ಮುದುಕರು ಕೂರುವ ಕಲ್ಲುಬೆಂಚು ಲಾರಿ ಹತ್ತಿ ಆಗಿತ್ತು. ಬೇಕರಿಯಕ್ಕ ಅದರ ಮೇಲೆ ಹತ್ತಿ ಕೂತು, ಅಲ್ಲಿಂದಲೇ ಫೋನಿನಲ್ಲಿ ನೇರಪ್ರಸಾರ ಮಾಡಿ, ಬೆಂಚನ್ನೂ ತನ್ನನ್ನೂ ಒಟ್ಟಿಗೆ ಇಳಿಸಿಕೊಂಡಿದ್ದಳು. ಇದಕ್ಕೆಲ್ಲ ಬೆನ್ನೆಲುಬು ‘ಹಳೇ ಬೇರು’ ಎಂಬ ಹೆಸರಿನಲ್ಲಿ ಬರೆಯುವ ಒಬ್ಬರು. ಹೂವಿನ ಚಿತ್ರದ ಹಿಂದೆ ಕೂತ ಆ ಜೀವ ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಯಾರೋ ನಿವೃತ್ತ ಜಡ್ಜು ಇರಬೇಕು ಎಂಬುದು ಮೇಷ್ಟ್ರ ಊಹೆ.

ಕತ್ತರಿಗೂ ಬಳಗದ ಮಾತೆಲ್ಲ ಒಪ್ಪಿಗೆ. ಒಂದನ್ನು ಬಿಟ್ಟು.

ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ತಾರಸಿಯ ಮೇಲೆ ಯಾವ ಕಾಲದಲ್ಲೋ ನಗರಸಭೆಯವರು ಕೂರಿಸಿದ ಸೈರನ್. ದಿನಾ ಮಧ್ಯಾಹ್ನ ಒಂದು ಗಂಟೆಗೆ ಅದು ಬಾಲ ತುಳಿಸಿಕೊಂಡ ಆನೆಯ ಹಾಗೆ ಕೂಗುತ್ತಿತ್ತು. ಬೀದಿಗೆಲ್ಲ ಅದು ಅಚ್ಚುಮೆಚ್ಚು. ಆದರೆ ಬೀದಿಯವರು ಆ ಹೊತ್ತಿನಲ್ಲಿ ಇನ್ನೊಬ್ಬರ ಗಂಟಲ ಮೇಲೆ ರೇಜರ್ ಇಟ್ಟುಕೊಂಡು ನಿಂತಿರುತ್ತಿರಲಿಲ್ಲ.

ಚಳಿಗಾಲದಲ್ಲಿ ಮೇಷ್ಟ್ರ ಮೀಸೆಯ ಎಡಭಾಗ ಸೈರನ್ನಿಗೆ ಬಲಿಯಾಯಿತು. ಸರಿದೂಗಿಸಲು ಬಲಭಾಗವನ್ನೂ ತೆಗೆಯಬೇಕಾಗಿ ಬಂತು. ಅಂದೇ ಕತ್ತರಿ ಎಲೆಕ್ಟ್ರಿಷಿಯನ್ ಭಾಮೈದನನ್ನು ಗುಟ್ಟಾಗಿ ಕರೆದು, ಅವನ ಫೋನಿನಿಂದ ನಗರಸಭೆಗೆ ದೂರು ಹಾಕಿಸಿದ. ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಸೈರನ್ ಕೂಗಲಿಲ್ಲ. ಕತ್ತರಿ ಆ ಆನಂದದಲ್ಲಿ ಊಟವನ್ನೇ ಮರೆತು ದೀಪ ಹಚ್ಚುವ ಹೊತ್ತಿನವರೆಗೆ ಕತ್ತರಿಸುತ್ತಲೇ ಇದ್ದ. ಮರುದಿನ ಅದು ಮತ್ತೆ ಕೂಗಿತು. ಅಷ್ಟೇ ಅಲ್ಲ, ಅಂದಿನಿಂದ ಹೊತ್ತು ತಪ್ಪಿ ಕೂಗತೊಡಗಿತು. ಒಂದು ದಿನ ಒಂದಕ್ಕೆ ಮೊದಲೇ, ಇನ್ನೊಂದು ದಿನ ಒಂದು ದಾಟಿದ ಮೇಲೆ. ಸೈರನ್ ತನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆ ಎಂದುಕೊಂಡ. ಭಾಮೈದನನ್ನು ಕೇಳಿದಾಗಲೆಲ್ಲ ಒಂದೇ ಉತ್ತರ: “ನೋಡ್ತಾ ಇದಾರಂತೆ ಭಾವ.”

ಆ ಬೆಳಿಗ್ಗೆ ದಿನಸಿ ಅಂಗಡಿಯವರು ಕುರ್ಚಿಯಲ್ಲಿದ್ದರು. ಒಂದು ಕೆನ್ನೆ ಮುಗಿದಿತ್ತು, ಇನ್ನೊಂದರ ಮೇಲೆ ನೊರೆ ಇತ್ತು. ಫೋನು ಟಿಂಗ್ ಎಂದಿತು. ಕತ್ತರಿ ಹೆಬ್ಬೆರಳು ಒರೆಸಿಕೊಂಡು ಕೈಮುಗಿದ.

ರೇಜರ್ ಕೆನ್ನೆಗೆ ತಾಗುವ ಮೊದಲೇ ಮೇಷ್ಟ್ರು ಬಾಗಿಲಲ್ಲಿ ಪ್ರತ್ಯಕ್ಷರಾದರು. ಹಿಂದೆ ಹಿಟ್ಟು ಮೆತ್ತಿದ ಕೈಯಲ್ಲೇ ಬೇಕರಿಯಕ್ಕ.

“ಭಲೇ ಕತ್ತರಿ,” ಎಂದರು ಮೇಷ್ಟ್ರು. “ಇಡೀ ಬಳಗದಲ್ಲಿ ಗಂಡಸು ಅಂದ್ರೆ ನೀನೊಬ್ಬ.”

ಕತ್ತರಿ ಕೈಮುಗಿದ. “ಏನಾಯ್ತು ಸಾರ್?”

“ವಿನಯ ನೋಡಿ, ಏನಾಯ್ತು ಅಂತಾನೆ. ಹಳೇ ಬೇರು ಕೇಳಿದ್ದೇ ತಡ, ಒಂದು ಗಳಿಗೆ ಯೋಚನೆ ಮಾಡ್ಲಿಲ್ಲ.”

ಕತ್ತರಿ ಫೋನು ಎತ್ತಿ ಮೊದಲ ಬಾರಿಗೆ ಓದಿದ. ‘ಉಪಯೋಗದಲ್ಲಿಲ್ಲದ ಸೈರನ್ ತೆಗೆಯುತ್ತೇವೆ ಎಂದು ನಗರಸಭೆ ನೋಟಿಸು ಹಾಕಿದೆ. ಆಕ್ಷೇಪ ಹೇಳಲು ಇವತ್ತು ಊಟದ ಹೊತ್ತಿನವರೆಗೆ ಅವಕಾಶ. ಬಳಗದ ಪರವಾಗಿ ಸಾಹೇಬರ ಮುಂದೆ ಮಾತಾಡಲು ಸಿದ್ಧ ಇರುವವರು ಕೈಮುಗಿಯಿರಿ.’ ಕೆಳಗೆ ಒಂಟಿಯಾಗಿ ಎರಡು ಕೈಗಳು. ಅವನವೇ.

“ದಿನಾ ಕೂಗೋದನ್ನ ಉಪಯೋಗದಲ್ಲಿಲ್ಲ ಅಂತಾರೆ,” ಮೇಷ್ಟ್ರು ಗುಡುಗಿದರು. “ಇದರ ಹಿಂದೆ ಯಾರೋ ದೂರು ಕೊಟ್ಟಿರೋ ಹಾಗಿದೆ. ಇವತ್ತು ಆ ಹೆಸರು ಹೊರಗೆ ಬರಬೇಕು.”

“ಬರಲಿ,” ಎಂದಳು ಬೇಕರಿಯಕ್ಕ. “ಅವನಿಗೆ ನನ್ನ ಅಂಗಡಿಯಿಂದ ಒಂದು ಬನ್ನೂ ಸಿಗಲ್ಲ.”

“ನನ್ನ ಅಂಗಡಿಯಿಂದ ಸಕ್ಕರೆ ಸಿಗಲ್ಲ,” ಎಂದರು ನೊರೆಯ ಒಳಗಿನಿಂದ ದಿನಸಿ ಅಂಗಡಿಯವರು.

ಕತ್ತರಿ ಲೆಕ್ಕ ಹಾಕಿದ. ಕುರ್ಚಿಗೆ ಬರುವ ತಲೆಗಳೆಲ್ಲ ಈ ಬಳಗದವೇ. ಹೆಸರು ಹೊರಗೆ ಬಂದರೆ ನಾಳೆಯಿಂದ ಕನ್ನಡಿಯಲ್ಲಿ ತನ್ನ ಮುಖ ಮಾತ್ರ.

“ಗಂಟಲು ಕೂತಿದೆ ಸಾರ್,” ಎಂದ ಕ್ಷೀಣವಾಗಿ.

ಬೇಕರಿಯಕ್ಕ ಓಡಿಹೋಗಿ ಬಿಸಿನೀರು ತಂದಳು. “ಕುಡಿಯಣ್ಣ. ನಿಂತ ನಿಲುವಲ್ಲೇ ಏಳುತ್ತೆ.”

“ಗಿರಾಕಿನ ಅರ್ಧಕ್ಕೆ ಬಿಟ್ಟು ಹೇಗೆ...”

“ನಾನೂ ಬರ್ತೀನಿ,” ದಿನಸಿ ಅಂಗಡಿಯವರು ಎದ್ದು ನೊರೆ ಒರೆಸಿಕೊಂಡರು. “ಒಂದು ಕೆನ್ನೆ ಹಾಗೇ ಇರಲಿ. ಹೋರಾಟ ಅಂದ್ಮೇಲೆ ತ್ಯಾಗ ಇರಬೇಕು.”

ಅಂಗಿ ಬದಲಿಸುವ ನೆಪದಲ್ಲಿ ಕತ್ತರಿ ಮಹಡಿ ಹತ್ತಿ, ಮೆಟ್ಟಿಲಲ್ಲೇ ನಿಂತು ಭಾಮೈದನಿಗೆ ಫೋನು ಮಾಡಿದ.

“ಲೋ, ಆ ದೂರಲ್ಲಿ ನನ್ನ ಹೆಸರು ಹಾಕಿದೀಯೇನೋ?”

“ಹಾಕಿದೀನಿ ಭಾವ. ವಿಳಾಸ, ಫೋಟೋ ಎಲ್ಲಾ.”

“ಫೋಟೋ ಯಾಕೋ ಹಾಕಿದೆ?”

“ಹಾಕದೆ ಇದ್ರೆ ಮುಂದಕ್ಕೆ ಹೋಗ್ತಿರಲಿಲ್ಲ. ಚೆನ್ನಾಗಿರೋದೇ ಹಾಕಿದೀನಿ, ಮದುವೇದು.”

“ವಾಪಸ್ ತಗೋ ಅದನ್ನ.”

“ಅದಕ್ಕೆ ನೀವೇ ಆಫೀಸಿಗೆ ಹೋಗ್ಬೇಕು ಭಾವ.”

“ಹೋಗ್ತಾ ಇದೀನಿ ಕಣೋ. ಇಡೀ ಬೀದಿ ಕಟ್ಕೊಂಡು ಹೋಗ್ತಾ ಇದೀನಿ.”

ಒಳಗೆ ಹೆಂಡತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಡಿದು ನಿಂತಿದ್ದಳು. ಕೇಳುವ ಮೊದಲೇ ಸಿಕ್ಕ ಅಂಗಿಯನ್ನು ತೊಡುತ್ತ ಕತ್ತರಿ, “ಇದನ್ನ ಯಾವಾಗ ಇಸ್ತ್ರಿ ಮಾಡಿದೆ?” ಎಂದ.

“ನಿನ್ನೆ. ಊಟದ ಹೊತ್ತಿಗೆ ಬಂದ್ಬಿಡಿ.”

ನಗರಸಭೆ ಎರಡು ಬೀದಿ ಆಚೆ. ಸಾಹೇಬರ ಕೋಣೆಯಲ್ಲಿ ಒಂದು ಮೇಜು, ಅದರ ಮೇಲೆ ಒಂದು ಹಳೆಯ ಕಂಪ್ಯೂಟರ್, ಅದರ ಪಕ್ಕ ಸಾಹೇಬರು ಆಗಾಗ ಪ್ರೀತಿಯಿಂದ ನೋಡುತ್ತಿದ್ದ ಊಟದ ಡಬ್ಬಿ. ಸರದಿ ಬರುವಷ್ಟರಲ್ಲಿ ಗೋಡೆ ಗಡಿಯಾರ ಒಂದರ ಹತ್ತಿರ ತೆವಳುತ್ತಿತ್ತು. ಬೇಕರಿಯಕ್ಕ ಮೂಲೆಯಲ್ಲಿ ಫೋನು ಎತ್ತಿ ಹಿಡಿದು ನೇರಪ್ರಸಾರ ಶುರು ಮಾಡಿದಳು. “ಹಳೇ ಬೇರು ನೋಡ್ತಾ ಇದಾರೆ,” ಎಂದು ಪಿಸುಗುಟ್ಟಿದಳು. ಮೇಷ್ಟ್ರು ಸೆಟೆದು ನಿಂತರು.

“ಯಾರು ಮಾತಾಡೋರು?” ಎಂದರು ಸಾಹೇಬರು.

ಕತ್ತರಿಯನ್ನು ಯಾರೋ ಹಿಂದಿನಿಂದ ತಳ್ಳಿದರು. ಅವನು ಕೈಮುಗಿದ. ಸುಳ್ಳು ಹೇಳಲು ನಾಲಗೆ ಏಳಲಿಲ್ಲ. “ಆ ಸೈರನ್ ನನಗೆ ಗೊತ್ತಿರೋ ಹಾಗೆ ಯಾರಿಗೂ ಗೊತ್ತಿಲ್ಲ ಸಾರ್. ಅದು ಕೂಗಿದ್ರೆ ನನ್ನ ಎದೆ ಝಲ್ ಅನ್ನುತ್ತೆ. ಕೈ ನಡುಗುತ್ತೆ. ಇವತ್ತು ಯಾವಾಗ ಕೂಗುತ್ತೋ ಅಂತ ಬೆಳಿಗ್ಗೆಯಿಂದಲೇ ಕಿವಿ ಕೊಟ್ಟು ಕಾಯ್ತಿರ್ತೀನಿ.”

ಬೇಕರಿಯಕ್ಕ ಕಣ್ಣೊರೆಸಿಕೊಂಡಳು. ಫೋನಿನಲ್ಲಿ ಮುಗಿದ ಕೈಗಳು ಸಾಲುಗಟ್ಟಿ ಏರಿದವು.

ಸಾಹೇಬರು ಮಾತ್ರ ಹುಬ್ಬುಗಂಟಿಕ್ಕಿದರು. “ದಿನಾ ಕೂಗೋದು ಅದೇನಾ? ಯಾವುದೋ ಕಾರ್ಖಾನೆದು ಅಂದ್ಕೊಂಡಿದ್ದೆ. ಹೇಗೆ ಕೂಗುತ್ತೆ? ಅದರ ಕರೆಂಟ್ ಚಳಿಗಾಲದಲ್ಲೇ ಕಿತ್ತಾಗಿದೆ. ವೈರು ನಮ್ಮ ಗೋಡೌನಲ್ಲಿ ಸುತ್ತಿಟ್ಟಿದೆ.”

“ಕಿತ್ತಿದ್ದು ಯಾಕೆ?” ಎಂದರು ಮೇಷ್ಟ್ರು.

“ದೂರು ಬಂದಿತ್ತು.”

“ಯಾರು ಕೊಟ್ಟಿದ್ದು?”

“ಅದೂ ಇರುತ್ತೆ, ತಾಳಿ,” ಎಂದು ಸಾಹೇಬರು ಕಂಪ್ಯೂಟರಿನ ಒಂದು ಕೀಲಿ ಒತ್ತಿದರು.

ಪರದೆ ಓರೆಯಾಗಿತ್ತು, ಕತ್ತರಿಗೂ ಮೂಲೆಯಲ್ಲಿದ್ದ ಬೇಕರಿಯಕ್ಕನ ಫೋನಿಗೂ ಕಾಣಿಸುತ್ತಿತ್ತು. ಕಂಪ್ಯೂಟರ್ ತುಂಬ ನಿಧಾನದ್ದು. ಫೋಟೋ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ಮೊದಲು ಕೂದಲು ಬಂತು. ಆ ಬೈತಲೆ ಎಂಥ ಗುಂಪಿನಲ್ಲೂ ಅವನಿಗೆ ಗುರುತು ಸಿಗುವಂಥದ್ದು, ತೆಗೆದವನು ಅವನೇ. ಆಮೇಲೆ ಹಣೆ. ಆಮೇಲೆ ಹುಬ್ಬು. ಕತ್ತರಿಯ ಕೈಗಳು ತಾವಾಗಿಯೇ ಸೇರಿದವು. ಈ ಸಲ ಮುಂದೆ ಗಿರಾಕಿ ಇರಲಿಲ್ಲ, ದೇವರೇ ಇರಬೇಕಿತ್ತು.

ಸಾಹೇಬರು ಕನ್ನಡಕ ಏರಿಸಿದರು. “ಹಾಂ, ಬಂತು. ದೂರುದಾರರ ಹೆಸರು...”

ಸೈರನ್ ಕೂಗಿತು.

ಕಿಟಕಿಯ ಗಾಜು ಅದುರಿತು. ಸಾಹೇಬರ ತುಟಿ ಅಲ್ಲಾಡಿದ್ದು ಕಂಡಿತು, ಹೆಸರು ಯಾರಿಗೂ ಕೇಳಲಿಲ್ಲ. ಅಷ್ಟು ದೀರ್ಘವಾಗಿ ಅದು ಎಂದೂ ಕೂಗಿರಲಿಲ್ಲ. ಉಸಿರು ಕಟ್ಟಿ ಕೂಗಿತು. ಕತ್ತರಿಗೆ ಜೀವಮಾನದಲ್ಲಿ ಮೊದಲ ಸಲ ಆ ಸದ್ದು ಇಂಪಾಗಿ ಕೇಳಿತು. ಅದು ನಿಂತಾಗ ಸಾಹೇಬರು ಕಿಟಕಿಯಲ್ಲಿ ನಿಂತಿದ್ದರು, ಬೇಕರಿಯಕ್ಕನ ಫೋನೂ ಅತ್ತಲೇ ತಿರುಗಿತ್ತು. ಗೋಡೆ ಗಡಿಯಾರದಲ್ಲಿ ಇನ್ನೂ ಒಂದು ಆಗಿರಲಿಲ್ಲ.

“ನೋಡಿ,” ಎಂದರು ಮೇಷ್ಟ್ರು, ಸ್ವತಃ ತಾವೇ ಕೂಗಿದವರಂತೆ. “ನೀವು ಕರೆಂಟ್ ಕಿತ್ತರೂ ಅದು ಕೂಗೋದು ಬಿಟ್ಟಿಲ್ಲ. ಇದಕ್ಕೆ ನಿಷ್ಠೆ ಅಂತಾರೆ.”

ಸಾಹೇಬರು ಕುರ್ಚಿಗೆ ಮರಳಿ ಪರದೆಯನ್ನೂ ಕತ್ತರಿಯನ್ನೂ ಒಮ್ಮೆ ನೋಡಿದರು. ಮತ್ತೆ ಪರದೆ ನೋಡಿದರು. ಆಮೇಲೆ ಡಬ್ಬಿಯನ್ನು ನೋಡಿ ನಿರ್ಧಾರಕ್ಕೆ ಬಂದರು. “ನಮ್ಮ ಕರೆಂಟಿಲ್ಲದೆ ಕೂಗೋ ಸೈರನ್ ನಮ್ಮದಲ್ಲ. ನಮ್ಮದಲ್ಲದ್ದನ್ನ ತೆಗೆಯೋ ಅಧಿಕಾರ ನನಗಿಲ್ಲ. ಇರಲಿ ಬಿಡಿ.” ಕಂಪ್ಯೂಟರ್ ಆರಿಸಿ, ಎಲ್ಲರೂ ಬಾಗಿಲತ್ತ ತಿರುಗಿದಾಗ ಕತ್ತರಿಯ ಕಿವಿಯಲ್ಲಿ ಹೇಳಿದರು: “ಎರಡೂ ಕಡೆಯವರು ಒಬ್ಬರೇ ಆಗಿ ಬಂದ್ರೆ ಎಷ್ಟು ಸಲೀಸು ನೋಡಿ. ಫೋಟೋ ಚೆನ್ನಾಗಿದೆ.”

ಮೆರವಣಿಗೆಯೇ ಆಯಿತು. ‘ಸೈರನ್ ಕಾವಲುಗಾರ’ ಎಂದು ಬಳಗ ಅವನಿಗೆ ಬಿರುದು ಕೊಟ್ಟಿತು. ಬೇಕರಿಯಕ್ಕ ಬುಟ್ಟಿ ತುಂಬ ಬನ್ನು ಕೊಟ್ಟಳು. ಕತ್ತರಿ ಬುಟ್ಟಿ ಹಿಡಿದುಕೊಂಡು, ಬದುಕಿಕೊಂಡೆ ಎಂದು ಮಹಡಿ ಹತ್ತಿದ.

ಅಡುಗೆಮನೆಯಲ್ಲಿ ಭಾಮೈದ ಕೂತು ಉಣ್ಣುತ್ತಿದ್ದ. ಭಾವನನ್ನು ಕಂಡು ತಟ್ಟೆಯ ಕಡೆಗೆ ಬಗ್ಗಿದ. ಒಲೆಯ ಪಕ್ಕದ ಗೂಡಿನಲ್ಲಿ ಹೆಂಡತಿಯ ಫೋನು ಒರಗಿ ನಿಂತಿತ್ತು. ಬೇಕರಿಯಕ್ಕನ ನೇರಪ್ರಸಾರ ಇನ್ನೂ ನಡೆಯುತ್ತಿತ್ತು, ಮೇಷ್ಟ್ರು ಭಾಷಣ ಮಾಡುತ್ತಿದ್ದರು. ಫೋನಿನ ಮೂಲೆಯಲ್ಲಿ ಬಳಗದಲ್ಲಿ ಕಾಣುವ ಅದೇ ಹೂವಿನ ಚಿತ್ರ. ಗೂಡಿನ ಮೇಲ್ಗಡೆ, ಹಿಟ್ಟಿನ ಡಬ್ಬದ ಹಿಂದೆ, ಅವನು ಎಂದೂ ಗಮನಿಸದ ಕೆಂಪು ಸ್ವಿಚ್ಚು. ಅಲ್ಲಿಂದ ಹೊರಟ ವೈರು ಕಿಟಕಿ ದಾಟಿ ತಾರಸಿಗೆ ಹೋಗಿತ್ತು.

ಕತ್ತರಿ ಬುಟ್ಟಿಯನ್ನು ನಿಧಾನವಾಗಿ ಕೆಳಗಿಟ್ಟ. “ಹಳೇ ಬೇರು,” ಎಂದ.

“ಕೈ ತೊಳ್ಕೊಳ್ಳಿ,” ಎಂದಳು ಹೆಂಡತಿ.

“ನನ್ನ ದೂರು ಹಾಕಿದವನೂ ಇವನೇ, ನಿನಗೆ ವೈರು ಎಳೆದವನೂ ಇವನೇ?”

“ನೀವು ದೂರು ಕೊಡು ಅಂದ್ರಿ, ಕೊಟ್ಟೆ ಭಾವ,” ಭಾಮೈದ ತಟ್ಟೆಗೇ ಹೇಳಿದ. “ಅಕ್ಕ ವೈರು ಎಳೆ ಅಂದ್ಲು, ಎಳೆದೆ. ನಾನು ಯಾರಿಗೂ ಇಲ್ಲ ಅನ್ನಲ್ಲ.”

“ಅವರು ಕರೆಂಟ್ ಕಿತ್ತ ದಿನ ನೆನಪಿದೆಯಾ?” ಹೆಂಡತಿ ತಟ್ಟೆ ಹಾಕುತ್ತ ಕೇಳಿದಳು. “ಹೊತ್ತು ಮುಳುಗೋವರೆಗೆ ಊಟಕ್ಕೆ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತು ಕರೆದು ಕರೆದು ನನ್ನ ಗಂಟಲು ಹೋಯ್ತು. ‘ಬಂದೆ, ಬಂದೆ.’ ಮದುವೆ ಆದಾಗಿಂದ ನಾನು ಕರೆದಿದ್ದು ನಿಮಗೆ ಕೇಳಿಲ್ಲ ರೀ. ಅದು ಕೂಗಿದ್ರೆ ಮಾತ್ರ ಕೇಳುತ್ತೆ. ದಿನಕ್ಕೆ ಒಂದು ಸಲ ಎದುರುಬದುರು ಕೂತು ಉಣ್ಣೋದು, ಅದೂ ಬೇಡ್ವಾ?”

ಕತ್ತರಿ ಕೈ ತೊಳೆದುಕೊಂಡು ಬಂದ. ಕೂತ. ಎರಡು ತುತ್ತು ಉಂಡ ಮೇಲೆ, “ಸರಿಯಾಗಿ ಒಂದು ಗಂಟೆಗಾದ್ರೂ ಒತ್ತಬಾರದಾ?” ಎಂದ.

“ಅಡುಗೆ ಆಗೋದು ಬೇಡ್ವಾ?”

“ಇವತ್ತು ಮೊದಲೇ ಒತ್ತಿದೆಯಲ್ಲ.”

“ಇವತ್ತು ನಿಮ್ಮ ಹುಬ್ಬಿನವರೆಗೆ ಬಂದಿತ್ತು,” ಎಂದಳು ಅವಳು, ಇನ್ನೊಂದು ಸೌಟು ಬಡಿಸುತ್ತ.

ಸಂಜೆ ಹೊತ್ತು ಇಳಿಯುವಾಗ ದಿನಸಿ ಅಂಗಡಿಯವರು ಉಳಿದ ಕೆನ್ನೆಯೊಂದಿಗೆ ಮತ್ತೆ ಕುರ್ಚಿ ಏರಿದರು. ಕತ್ತರಿ ಹೊಸ ನೊರೆ ಹಚ್ಚಿದ. ಮನಸ್ಸು ಹಗುರಾಗಿತ್ತು. ದಿನಕ್ಕೆ ಒಂದು ಸಲ ತಾನೇ, ಹೇಗೋ ತಡೆದುಕೊಳ್ಳಬಹುದು ಎಂದುಕೊಂಡ. ಫೋನು ಟಿಂಗ್ ಎಂದಿತು. ಅವನು ಗಿರಾಕಿಯ ಕಿವಿ ಹಿಡಿದುಕೊಂಡೇ ಹೆಬ್ಬೆರಳು ಒರೆಸಿ, ಕೈಮುಗಿದು, ರೇಜರ್ ಎತ್ತಿಕೊಂಡ.

ದಿನಸಿ ಅಂಗಡಿಯವರು ತಮ್ಮ ಫೋನನ್ನು ಟವೆಲಿನ ಕೆಳಗಿನಿಂದ ತೆಗೆದು ಓದಿದರು. “ನೀನು ಬಿಡಪ್ಪ, ಎಲ್ಲದಕ್ಕೂ ಮೊದಲಿಗ.”

“ಏನಂತೆ?”

“ಹಳೇ ಬೇರು ಬರೆದಿದಾರೆ. ಹಿಂದೆಲ್ಲ ಅಂಗಡಿಗಳು ಹೊತ್ತಿಗೆ ಸರಿಯಾಗಿ ಬಾಗಿಲು ಹಾಕ್ತಿದ್ವು, ಗಂಡಸರು ಕತ್ತಲಾಗೋ ಮುಂಚೆ ಮನೆ ಸೇರ್ತಿದ್ರು, ಆ ಪದ್ಧತಿ ಮತ್ತೆ ಬರಬೇಕು. ಅದಕ್ಕೆ ಸಂಜೇನೂ ಒಂದು ಸೈರನ್ ಆಗಲಿ, ಕಾವಲುಗಾರರು ಒಪ್ಪಿ ಕೈಮುಗಿದ್ರೆ ಇವತ್ತಿಂದಲೇ ಶುರು ಅಂತ.” ಅವರು ಕನ್ನಡಿಯಲ್ಲಿ ಕತ್ತರಿಯನ್ನು ಮೆಚ್ಚುಗೆಯಿಂದ ನೋಡಿದರು. “ಮುಗಿದೇ ಬಿಟ್ಟೆ.”

ಮೇಲೆ ಅಡುಗೆಮನೆಯಲ್ಲಿ ಹೆಜ್ಜೆ ಸದ್ದಾಯಿತು. ಅದು ಒಲೆಯ ಪಕ್ಕದ ಗೂಡಿನ ಹತ್ತಿರ ಹೋಗಿ ನಿಂತಿತು. ಕತ್ತರಿ ರೇಜರನ್ನು ಗಿರಾಕಿಯ ಕೆನ್ನೆಯಿಂದ ತೆಗೆದು, ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು ನಿಂತ.